ಹೊಸ ಗೇಮಿಂಗ್ ಲ್ಯಾಪ್‌ಟಾಪಿನ ತೊಂದರೆಗಳು: ಗೋಡೆಯ ಸಾಕೆಟ್ಟಿನಿಂದ ಮದರ್‌ಬೋರ್ಡಿನವರೆಗೆ

ಲಕ್ಷ ರೂಪಾಯಿ ದಾಟಿದ ಗೇಮಿಂಗ್ ಲ್ಯಾಪ್‌ಟಾಪ್ ಮನೆಗೆ ಬಂದ ಮೊದಲ ವಾರ ಖುಷಿಗಿಂತ ಅನುಮಾನವೇ ಹೆಚ್ಚು. ಇಷ್ಟು ಬಿಸಿಯಾಗುವುದು ಸರಿಯೇ? ಫ್ಯಾನ್ ಇಷ್ಟೊಂದು ಕೂಗಬೇಕೇ? ಗೆಳೆಯನ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುವ ಆಟ ಇದರಲ್ಲೇಕೆ ಎಡವುತ್ತದೆ? ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಾಲೇಜು ಹುಡುಗರ ನಡುವೆ ರಿಪೇರಿ ಟೇಬಲ್ ಇಟ್ಟುಕೊಂಡು ಕುಳಿತವನಿಗೆ ಇವು ನಿತ್ಯದ ಪ್ರಶ್ನೆಗಳು. ಹಾಗೆ ಬರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಜಕ್ಕೂ ಒಳಗಿನ ಭಾಗ ಕೆಟ್ಟಿರುವುದು ಅಪರೂಪ. ತೊಂದರೆ ಬಹಳ ಸಲ ಗೋಡೆಯ ಸಾಕೆಟ್ಟಿನಲ್ಲಿರುತ್ತದೆ, ಗಾದಿಯ ಮೇಲಿರುತ್ತದೆ, ಇಲ್ಲವೇ ಸೆಟ್ಟಿಂಗಿನ ಯಾವುದೋ ಮೂಲೆಯಲ್ಲಿರುತ್ತದೆ. ಆದರೆ ಆ ಅಪರೂಪದ ದೋಷವನ್ನು ಮಾರಾಟಗಾರರು ಬದಲಿಸಿಕೊಡುವ ಅವಧಿಯೊಳಗೇ ಹಿಡಿಯಬೇಕು. ಆಮೇಲೆ ಹೊಸದು ಸಿಗುವುದಿಲ್ಲ, ರಿಪೇರಿ ಮಾತ್ರ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ. ಸ್ಕ್ರೂಡ್ರೈವರಿನ ಸರದಿ ಕೊನೆಗೆ ಬರಲಿ. ಬಾರದಿದ್ದರೆ ಇನ್ನೂ ಒಳ್ಳೆಯದು.

ಮೊದಲ ದಿನ

ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್, ಲ್ಯಾಪ್‌ಟಾಪಿನ ತಳದ ನಂಬರ್, ಬಿಲ್ಲಿನಲ್ಲಿ ಬರೆದ ಸೀರಿಯಲ್ ನಂಬರ್ ಮೂರೂ ಒಂದೇ ಆಗಿರಬೇಕು. ಅದೇ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನದಿಂದ ಆರಂಭವಾಗಿದೆ ಎಂದು ನೋಡಿ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕುಳಿತ ಸರಕಿನ ವಾರಂಟಿ ನೀವು ಹಣ ಕೊಡುವ ಮೊದಲೇ ಓಡತೊಡಗಿರುವುದುಂಟು. ಬಿಲ್ ಕಳಿಸಿದರೆ ಸಾಮಾನ್ಯವಾಗಿ ತಿದ್ದಿಕೊಡುತ್ತಾರೆ. ಗದಗ, ಹಾವೇರಿ, ರಾಣೆಬೆನ್ನೂರಿನ ಕಡೆಯವರು ಇನ್ನೊಂದು ವಿಷಯ ಕೇಳಿಕೊಳ್ಳಬೇಕು. ಮನೆಗೇ ಬಂದು ರಿಪೇರಿ ಮಾಡುವ ಸೌಲಭ್ಯ ನಿಮ್ಮ ಪಿನ್ ಕೋಡಿಗೆ ಇದೆಯೇ, ಇಲ್ಲವೇ ಪ್ರತಿ ಸಲ ಹುಬ್ಬಳ್ಳಿಗೆ ಹೊತ್ತು ತರಬೇಕೇ? ಕೆಟ್ಟ ಮೇಲೆ ಕೇಳುವ ಪ್ರಶ್ನೆಯಲ್ಲ ಇದು.

ಆನ್ ಮಾಡಿದ ಮೊದಲ ಸಂಜೆ ಅದರ ಪಾಡಿಗೆ ಅದನ್ನು ಬಿಡಿ. ವಿಂಡೋಸ್ ಅಪ್‌ಡೇಟ್, ಡ್ರೈವರ್‌ಗಳು, ಫೈಲುಗಳ ಪಟ್ಟಿ ತಯಾರಿಸುವ ಹಿನ್ನೆಲೆ ಕೆಲಸ ಎಲ್ಲವೂ ಒಟ್ಟಿಗೆ ನಡೆಯುವಾಗ ಏನೂ ಮಾಡದೆ ಇಟ್ಟ ಲ್ಯಾಪ್‌ಟಾಪೂ ಬಿಸಿಯಾಗುತ್ತದೆ, ಫ್ಯಾನ್ ಕೂಗುತ್ತದೆ. ಆ ಹೊತ್ತಿನ ವೇಗ ನೋಡಿ ತೀರ್ಪು ಕೊಡಬೇಡಿ.

ಮುಟ್ಟಿದರೆ ಜುಮ್ಮೆನ್ನುತ್ತದೆ

"ಕಾಕಾ, ಚಾರ್ಜಿಗೆ ಹಾಕಿ ಕೈ ಇಟ್ಟರೆ ಇರುವೆ ಹರಿದಂತಾಗುತ್ತದೆ." ಲೋಹದ ಮೈಯ ಲ್ಯಾಪ್‌ಟಾಪ್ ಕೊಂಡವರು ನಮ್ಮ ಕಡೆ ಹೇಳುವ ಮೊದಲ ದೂರು ಇದೇ. ಲ್ಯಾಪ್‌ಟಾಪನ್ನು ದೂರುವ ಮುನ್ನ ಚಾರ್ಜರಿನ ಪಿನ್ ಕಿತ್ತು ಮತ್ತೆ ಮುಟ್ಟಿ ನೋಡಿ. ಜುಮ್ಮೆನ್ನುವುದು ನಿಂತರೆ ಅದು ಬಂದದ್ದು ಗೋಡೆಯಿಂದ.

ಅಡಾಪ್ಟರಿನೊಳಗೆ ವಿದ್ಯುತ್ ಗದ್ದಲವನ್ನು ಸೋಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಅತಿ ಸಣ್ಣ ಪ್ರಮಾಣದ ಸೋರಿಕೆ ಕರೆಂಟ್ ಸದಾ ಹರಿಯುತ್ತದೆ. ಪ್ಲಗ್ಗಿನ ಮೂರನೆಯ, ದಪ್ಪ ಪಿನ್ನು ಅದನ್ನು ನೆಲಕ್ಕೆ ಸಾಗಿಸಬೇಕು. ಆ ದಾರಿ ಮುಚ್ಚಿದ್ದರೆ ಕರೆಂಟ್ ಲ್ಯಾಪ್‌ಟಾಪಿನ ಮೈಗೆ ಬಂದು ನಿಲ್ಲುತ್ತದೆ. ನೀವು ಶಹಾಬಾದಿ ಕಲ್ಲಿನ ನೆಲದ ಮೇಲೆ ಬರಿಗಾಲಿನಲ್ಲಿ ಕುಳಿತಿದ್ದರೆ ನಿಮ್ಮ ಮೂಲಕವೇ ನೆಲ ಸೇರುತ್ತದೆ. ಚಪ್ಪಲಿ ಹಾಕಿಕೊಂಡಾಗ ಜುಮ್ಮೆನ್ನುವುದು ಕಡಿಮೆಯಾದರೆ ಇದೇ ಕಾರಣವೆಂದು ತಿಳಿಯಿರಿ. ಟೆಸ್ಟರಿನ ತುದಿಯನ್ನು ತಳದ ಸ್ಕ್ರೂಗೆ ತಾಗಿಸಿದರೆ ಒಳಗಿನ ಪುಟ್ಟ ದೀಪ ಮಂದವಾಗಿ ಕೆಂಪಗೆ ಹೊತ್ತಿಕೊಳ್ಳುತ್ತದೆ. ಅದನ್ನು ನೋಡಿ ಗಾಬರಿಯಾಗಿ ಲ್ಯಾಪ್‌ಟಾಪ್ ಮರಳಿಸಲು ಹೊರಟವರಿದ್ದಾರೆ. ಟೆಸ್ಟರ್ ಹೊತ್ತಲು ಅತ್ಯಲ್ಪ ಕರೆಂಟ್ ಸಾಕು. ಅಷ್ಟರಿಂದಲೇ ಯಂತ್ರ ಕೆಟ್ಟಿದೆ ಎನ್ನಲಾಗದು.

ಮೊದಲು ಎಕ್ಸ್‌ಟೆನ್ಷನ್ ಬೋರ್ಡ್ ತೆಗೆದು ಅಡಾಪ್ಟರನ್ನು ನೇರವಾಗಿ ಗೋಡೆಗೆ ಹಾಕಿ. ಅಗ್ಗದ ಬೋರ್ಡುಗಳಲ್ಲಿ ಮೂರು ತೂತುಗಳಿದ್ದರೂ ಒಳಗೆ ಎರಡೇ ತಂತಿ ಇರುವುದು ಹೊಸ ಸಂಗತಿಯೇನಲ್ಲ. ಮೂರು ಪಿನ್ನನ್ನು ಎರಡಾಗಿಸುವ ಕನ್ವರ್ಟರ್ ಇದ್ದರೆ ಅದನ್ನು ಬಿಸಾಡಿ. ನಂತರ ಅರ್ಥಿಂಗ್ ಸರಿಯಿದೆ ಎಂದು ಗೊತ್ತಿರುವ ಬೇರೆ ಮನೆಯಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಹಾಕಿ ನೋಡಿ. ಅಲ್ಲಿ ಸುಮ್ಮನಿದ್ದರೆ ನಿಮ್ಮ ಮನೆಯ ಅರ್ಥಿಂಗ್ ನೋಡಬೇಕು. ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಆಮೇಲೆ ಫೇಸ್ ಮತ್ತು ಅರ್ಥ್ ನಡುವೆ ಅಳೆಯಲಿ. ಎರಡೂ ಸುಮಾರು 230 ವೋಲ್ಟ್ ತೋರಿಸಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಈ ಅಳತೆ ಅವರ ಕೈಯಲ್ಲೇ ಆಗಲಿ.

ನಮ್ಮ ಎರೆಭೂಮಿಗೆ ಇಲ್ಲಿ ಒಂದು ಪಾತ್ರವಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬಿರಿದಾಗ ಅರ್ಥಿಂಗ್ ಪೈಪಿನ ಸುತ್ತಲಿನ ಮಣ್ಣು ಪೈಪನ್ನು ಬಿಟ್ಟು ಸರಿದು, ಒಣಗಿ, ಕರೆಂಟನ್ನು ಒಯ್ಯದಂತಾಗುತ್ತದೆ. ನವಲಗುಂದ, ಗದಗದ ಕಡೆಯ ಮನೆಯಲ್ಲಿ ಏಪ್ರಿಲ್‌ನಲ್ಲಿ ಜುಮ್ಮೆನ್ನುತ್ತಿದ್ದ ಲ್ಯಾಪ್‌ಟಾಪ್ ಜುಲೈನಲ್ಲಿ ತಾನೇ ಸುಮ್ಮನಾದರೆ ಆಶ್ಚರ್ಯಪಡಬೇಕಿಲ್ಲ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದೆರಡು ಕೊಡ ನೀರು ಹೊಯ್ಯುವ ಹಿರಿಯರ ರೂಢಿಯಲ್ಲಿ ಹುರುಳಿದೆ. ಬಾಡಿಗೆ ಮನೆಯಾಗಿದ್ದರೆ ಮಾಲೀಕರಿಗೆ ಗುಂಡಿ ಎಲ್ಲಿದೆ ಎಂದು ಕೇಳಿ. ಮನೆಗೆ ಗುಂಡಿಯೇ ಇಲ್ಲ ಎಂಬುದು ಆಗ ತಿಳಿಯುವುದೂ ಉಂಟು.

ಇಲ್ಲಿ ನಿಲ್ಲಿಸಿ: ಜುಮ್ಮೆನ್ನುವುದಲ್ಲ, ಕೈ ಎಗರಿಸುವಂತಹ ಹೊಡೆತ ಬಿದ್ದರೆ, ಅಥವಾ ಫ್ರಿಜ್, ಗೀಸರ್, ನಲ್ಲಿಯೂ ಹೊಡೆಯುತ್ತಿದ್ದರೆ ಅದು ಲ್ಯಾಪ್‌ಟಾಪಿನ ಪ್ರಶ್ನೆಯಲ್ಲ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಬೀದಿಯ ಕಂಬದ ಕಡೆಯ ತೊಂದರೆ ಎನಿಸಿದರೆ ವಿದ್ಯುತ್ ದೂರಿನ ಸಂಖ್ಯೆ 1912.

ಬಿಸಿ, ಮತ್ತು ಫ್ಯಾನಿನ ಅಬ್ಬರ

ಗೇಮಿಂಗ್ ಲ್ಯಾಪ್‌ಟಾಪ್ ಬಿಸಿಯಾಗುವುದು ದೋಷವಲ್ಲ, ಅದರ ಹುಟ್ಟುಗುಣ. ಇಂಟೆಲ್ ಪ್ರೊಸೆಸರುಗಳ ಗರಿಷ್ಠ ಮಿತಿ ಸಾಮಾನ್ಯವಾಗಿ 100ರಿಂದ 105 ಡಿಗ್ರಿ, ಎಎಂಡಿಯವು 95ರಿಂದ 100. ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ಪುಗಳು 80ರ ಆಸುಪಾಸಿನಲ್ಲಿ ಆರಾಮವಾಗಿ ಓಡುತ್ತವೆ. ಭಾರಿ ಆಟದ ನಡುವೆ ಪ್ರೊಸೆಸರ್ 90 ದಾಟಿದ್ದನ್ನು ನೋಡಿ ಹೌಹಾರಬೇಕಿಲ್ಲ. ಮಿತಿ ಮುಟ್ಟಿದರೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಗಮನಿಸಬೇಕಾದ ಅಂಕಿ ಬೇರೆಯೇ ಇದೆ: ಬ್ರೌಸರ್ ಮಾತ್ರ ತೆರೆದಿರುವಾಗ ಎಷ್ಟು? 45ರಿಂದ 60ರೊಳಗಿದ್ದರೆ ನಮ್ಮ ಬೇಸಿಗೆಗೆ ಸರಿ. ಆಗಲೂ 90ಕ್ಕೆ ಅಂಟಿಕೊಂಡಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಹಿನ್ನೆಲೆಯಲ್ಲಿ ಏನು ಓಡುತ್ತಿದೆ ನೋಡಿ. ಏನೂ ಓಡುತ್ತಿಲ್ಲವಾದರೆ ತಂಪಾಗಿಸುವ ವ್ಯವಸ್ಥೆಯ ಮೇಲೆ ಅನುಮಾನಪಡಲು ಕಾರಣ ಸಿಕ್ಕಿತು.

ಬಹುತೇಕ ಲ್ಯಾಪ್‌ಟಾಪುಗಳ ವಿವರ ಪತ್ರದಲ್ಲಿ ಬಳಸಬಹುದಾದ ಕೋಣೆಯ ಉಷ್ಣತೆ 35 ಡಿಗ್ರಿವರೆಗೆ ಎಂದಿರುತ್ತದೆ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಹೊರಗೇ 37–38 ಇರುತ್ತದೆ. ತಗಡಿನ ಚಾವಣಿಯ ಮಾಳಿಗೆಯ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು. ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಎಸಿ ಕೋಣೆಯಲ್ಲಿ ಕುಳಿತವರ ವಿಮರ್ಶಾ ವಿಡಿಯೊಗಳ ಅಂಕಿಗಳಿಗೂ ನಿಮ್ಮ ಅಂಕಿಗಳಿಗೂ ತಾಳೆ ಹಾಕುವಾಗ ಈ ವ್ಯತ್ಯಾಸ ಕಳೆಯಿರಿ. ಅದೇ ಲ್ಯಾಪ್‌ಟಾಪನ್ನು ಧಾರವಾಡದ ಜಿಟಿಜಿಟಿ ಮಳೆಯ ಸಂಜೆ ಓಡಿಸಿ ನೋಡಿ, ಫ್ಯಾನಿನ ದನಿಯೇ ಇಳಿದಿರುತ್ತದೆ.

ಖರ್ಚಿಲ್ಲದ ಕ್ರಮಗಳು ಮೊದಲು. ಗಾದಿ, ದಿಂಬು, ಕೌದಿಯ ಮೇಲಿಂದ ಇಳಿಸಿ. ಗಾಳಿ ಒಳಗೆ ಹೋಗುವ ಕಿಂಡಿಗಳು ತಳದಲ್ಲಿವೆ. ಗಾದಿ ಅವನ್ನು ಪೂರ್ತಿ ಮುಚ್ಚುತ್ತದೆ. ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ, ಎರಡು ಸಮನಾದ ಮರದ ತುಂಡುಗಳು ಸಾಕು. ಹಿಂದೆ ಒಂದು ಗೇಣು ಜಾಗ ಬಿಡಿ. ಆಮೇಲೆ ಟರ್ಬೊ ಮೋಡಿನಿಂದ ಬ್ಯಾಲೆನ್ಸ್ಡ್ ಮೋಡಿಗೆ ತನ್ನಿ. ಎನ್‌ವಿಡಿಯಾ ಸೆಟ್ಟಿಂಗಿನಲ್ಲಿ ಫ್ರೇಮ್ ಮಿತಿಯನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 90ಕ್ಕೋ ಪರದೆಯ ದರಕ್ಕೋ ಕಟ್ಟಿಹಾಕಿ. ಆಟದ ಮೆನು ಪರದೆಯಲ್ಲಿ ಸೆಕೆಂಡಿಗೆ 400 ಫ್ರೇಮ್ ಹೊಡೆಯುವುದರಿಂದ ನಿಮಗೆ ಸಿಗುವುದು ಬಿಸಿಗಾಳಿ ಮಾತ್ರ. ಕೂಲಿಂಗ್ ಪ್ಯಾಡ್ ಕೊಳ್ಳುವ ಮಾತು ಇವೆಲ್ಲ ಆದ ಮೇಲೆ. ಅಗ್ಗದ ಪ್ಯಾಡುಗಳಿಂದ ಆಗುವ ಉಪಕಾರದಲ್ಲಿ ದೊಡ್ಡ ಪಾಲು ಅವು ಕೊಡುವ ಎತ್ತರದ್ದೇ ಎಂಬುದು ನನ್ನ ಅಭಿಪ್ರಾಯ.

ಹೊಸದರಲ್ಲಿ ಧೂಳಿನ ಮಾತೇಕೆ ಎಂದು ಕೇಳಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಗೆ ಸಮೀಪದ ಮನೆಯೊಂದರಿಂದ ಬಂದ ಲ್ಯಾಪ್‌ಟಾಪಿಗೆ ಇನ್ನೂ ಒಂದು ಹಂಗಾಮು ತುಂಬಿರಲಿಲ್ಲ. ಹಿಂದಿನ ಜಾಲರಿಯಲ್ಲಿ ಇಟ್ಟಿಗೆ ಬಣ್ಣದ ತೆಳುಪದರ ಕುಳಿತಿತ್ತು. ಫ್ಯಾನ್ ವೇಗ ಹಿಡಿದ ಕೂಡಲೇ ಟೇಬಲ್ಲಿನ ಸುತ್ತ ನಿಂತವರೆಲ್ಲ ಸೀನತೊಡಗಿದರು. ಅರಳೆ ಹಿಂಜುವ ಜಾಗ, ರಸ್ತೆ ಅಗೆದ ಬಡಾವಣೆ, ಊದುಬತ್ತಿ ಹೊಗೆಯಾಡುವ ಕೋಣೆ ಇವೂ ಹಾಗೆಯೇ. ಲ್ಯಾಪ್‌ಟಾಪ್ ಆರಿಸಿ, ಮೆತ್ತನೆಯ ಬ್ರಷ್ಷಿನಿಂದ ಹೊರಗಿನ ಜಾಲರಿ ಒರೆಸುವುದು ನೀವು ಮಾಡಬಹುದಾದ ಕೆಲಸ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಹೊಡೆಸಬೇಡಿ. ಆ ಗಾಳಿಯ ಜೊತೆ ನೀರಿನ ಹನಿ, ಎಣ್ಣೆ ಬರುತ್ತದೆ. ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಇಷ್ಟಾದರೂ ಬಗ್ಗದಿದ್ದರೆ ಎಚ್‌ಡಬ್ಲ್ಯುಇನ್ಫೊದಂತಹ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರಿನ ಪ್ರತಿ ಕೋರಿನ ಉಷ್ಣತೆ ನೋಡಿ. ಎಲ್ಲ ಕೋರುಗಳೂ ಒಂದೇ ಹೊರೆ ಹೊತ್ತಿರುವಾಗ ಒಂದು ಕೋರ್ ಉಳಿದವಕ್ಕಿಂತ 20 ಡಿಗ್ರಿಯಷ್ಟು ಮೇಲಿದ್ದರೆ ಚಿಪ್ಪಿನ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಸರಿಯಾಗಿ ಹರಡಿಲ್ಲ ಅಥವಾ ಆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಸರಿಯಾಗಿ ಕುಳಿತಿಲ್ಲ ಎಂಬ ಶಂಕೆ ಬಲವಾಗುತ್ತದೆ. ಇದು ನಿಜವಾದ ದೋಷ, ಹೊಸ ಲ್ಯಾಪ್‌ಟಾಪಿನಲ್ಲಿ ಬದಲಿಸಿಕೊಡಿ ಎಂದು ಕೇಳುವ ಹಕ್ಕಿರುವ ದೋಷ. ಪರದೆಯ ಚಿತ್ರ ಉಳಿಸಿಕೊಂಡು ಸರ್ವಿಸ್ ಸೆಂಟರಿಗೆ ಹೋಗಿ. ನೀವೇ ಬಿಚ್ಚಿ ಪೇಸ್ಟ್ ಹಚ್ಚುವ ಸಾಹಸ ಬೇಡ. ಕೆಲವು ಮಾದರಿಗಳಲ್ಲಿ ಪೇಸ್ಟಿನ ಬದಲು ದ್ರವ ಲೋಹ ಹಾಕಿರುತ್ತಾರೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ. ಒಂದು ಹನಿ ಜಾರಿ ಬೋರ್ಡಿನ ಮೇಲೆ ಬಿದ್ದರೆ ವಾರಂಟಿಯ ಜೊತೆ ಬೋರ್ಡೂ ಹೋಯಿತು.

ಆಟ ಅಂದುಕೊಂಡಷ್ಟು ವೇಗವಾಗಿ ಓಡುತ್ತಿಲ್ಲ

"ಲ್ಯಾಗ್ ಆಗುತ್ತದೆ" ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ರೋಗಗಳಿವೆ. ಪರದೆಯ ಮೂಲೆಯಲ್ಲಿ ಫ್ರೇಮ್ ಸಂಖ್ಯೆ ಕಾಣುವಂತೆ ಇಟ್ಟುಕೊಂಡು ಆಡಿ, ಆಗ ಬೇರ್ಪಡಿಸುವುದು ಸುಲಭ.

ಫ್ರೇಮ್ ಸಂಖ್ಯೆ ಗಟ್ಟಿಯಾಗಿ ನಿಂತಿದೆ, ಆದರೆ ಎದುರಾಳಿ ಇದ್ದಲ್ಲಿಂದ ಜಿಗಿದು ಇನ್ನೆಲ್ಲೋ ಕಾಣಿಸುತ್ತಾನೆ, ನೀವು ಹೊಡೆದ ಗುಂಡು ತಾಗುವುದಿಲ್ಲ. ಇದು ಇಂಟರ್‌ನೆಟ್ಟಿನ ತೊಂದರೆ. ಲ್ಯಾಪ್‌ಟಾಪಿಗೂ ಇದಕ್ಕೂ ಸಂಬಂಧವಿಲ್ಲ. ಆಟದ ಸೆಟ್ಟಿಂಗಿನಲ್ಲಿ ಮುಂಬೈ ಸರ್ವರ್ ಆಯ್ಕೆಯಾಗಿದೆಯೇ ನೋಡಿ. ವೈ-ಫೈ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ 5ಕ್ಕೆ ಬದಲಿಸಿ. ಪಿಜಿಯಲ್ಲಿ ಇಡೀ ಮಹಡಿಗೆ ಒಂದೇ ರೂಟರ್ ಇರುವವರು ರಾತ್ರಿ ಒಂಬತ್ತಕ್ಕೂ ಬೆಳಗಿನ ಆರಕ್ಕೂ ಹೋಲಿಸಿ ನೋಡಿದರೆ ಸಾಕು, ಉತ್ತರ ಸಿಗುತ್ತದೆ. ಸಾಧ್ಯವಿದ್ದರೆ ಲ್ಯಾನ್ ಕೇಬಲ್ ಎಳೆಯಿರಿ.

ಫ್ರೇಮ್ ಸಂಖ್ಯೆ 120ರಿಂದ ದಿಢೀರನೆ 30ಕ್ಕೆ ಬಿದ್ದು, ಸ್ವಲ್ಪ ಹೊತ್ತಿಗೆ ಮತ್ತೆ ಏರುತ್ತದೆ. ಇದು ಬಿಸಿಯ ಅಥವಾ ವಿದ್ಯುತ್ತಿನ ತೊಂದರೆ. ಬಿಸಿಯ ಕಥೆ ಮೇಲೆ ಹೇಳಿಯಾಯಿತು. ವಿದ್ಯುತ್ತಿನದಾದರೆ ಚಾರ್ಜರ್ ಪಿನ್ ಪೂರ್ತಿ ಒಳಗೆ ಕುಳಿತಿದೆಯೇ, ಬೋರ್ಡಿನ ಸಾಕೆಟ್ ಸಡಿಲವಾಗಿದೆಯೇ ನೋಡಿ. ಒಂದು ಕ್ಷಣ ಸಂಪರ್ಕ ತಪ್ಪಿದರೂ ಲ್ಯಾಪ್‌ಟಾಪ್ ಬ್ಯಾಟರಿಗೆ ಜಾರಿ ಗ್ರಾಫಿಕ್ಸಿನ ಶಕ್ತಿಯನ್ನು ಕತ್ತರಿಸುತ್ತದೆ. ಹೊಸ ಆಟ ಮೊದಲ ಸಲ ತೆರೆದಾಗ ಅಥವಾ ಡ್ರೈವರ್ ಅಪ್‌ಡೇಟ್ ಆದ ಕೂಡಲೇ ಸಣ್ಣ ಸಣ್ಣ ಎಡವುಗಳಿದ್ದರೆ ಅದು ಶೇಡರ್, ಅಂದರೆ ಬೆಳಕು, ನೆರಳು, ಬಣ್ಣ ಮೂಡಿಸುವ ಸಣ್ಣ ಪ್ರೋಗ್ರಾಮುಗಳು, ತಯಾರಾಗುವ ಕೆಲಸ. ಸ್ವಲ್ಪ ಹೊತ್ತು ಆಡಿದರೆ ಹೋಗುತ್ತದೆ.

ಮೂರನೆಯದು, ಎಲ್ಲ ಹೊತ್ತಿನಲ್ಲೂ ಸಮನಾಗಿ ನಿಧಾನ. ಇದು ಬಹುಪಾಲು ಸೆಟ್ಟಿಂಗಿನದ್ದು, ಇದಕ್ಕೆ ಕ್ರಮವಾಗಿ ಹೋಗಬೇಕು.

ಚಾರ್ಜರ್ ಹಾಕಿದ್ದೀರಾ? ಬ್ಯಾಟರಿಯ ಮೇಲೆ ಪೂರ್ಣ ವೇಗ ಯಾವ ಗೇಮಿಂಗ್ ಲ್ಯಾಪ್‌ಟಾಪಿನಲ್ಲೂ ಸಿಗುವುದಿಲ್ಲ. ವಿಮಾನದಲ್ಲಿ ಒಯ್ಯಲು ಅಡ್ಡಿಯಾಗದಿರಲೆಂದು ಬ್ಯಾಟರಿಯನ್ನು 100 ವ್ಯಾಟ್-ಗಂಟೆಯೊಳಗೇ ಇಡುತ್ತಾರೆ. ಆಡುವಾಗ ಬೇಕಾಗುವುದು 200 ವ್ಯಾಟ್ ಅಥವಾ ಹೆಚ್ಚು.

ಪರದೆ ಎಷ್ಟು ಹರ್ಟ್ಸ್‌ನಲ್ಲಿದೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತಿದೆ? 165 ಎಂದು ಕೊಂಡ ಪರದೆ 60ರಲ್ಲೇ ಕುಳಿತಿರಬಹುದು. ಡಿಸ್‌ಪ್ಲೇ ಸೆಟ್ಟಿಂಗಿನ ಅಡ್ವಾನ್ಸ್ಡ್ ಭಾಗದಲ್ಲಿ ಬದಲಿಸಿ. ಚಾರ್ಜರ್ ತೆಗೆದಾಗ ತಾನಾಗಿ 60ಕ್ಕೆ ಇಳಿಯುವ ಮಾದರಿಗಳೂ ಇವೆ.

ಆಟ ಯಾವ ಗ್ರಾಫಿಕ್ಸ್ ಚಿಪ್ಪಿನಲ್ಲಿ ಓಡುತ್ತಿದೆ? ಇಂತಹ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡಿರುತ್ತವೆ: ಪ್ರೊಸೆಸರಿನೊಳಗಿನ ಸಣ್ಣದು ಮತ್ತು ನೀವು ಹಣ ಕೊಟ್ಟ ದೊಡ್ಡದು. ಟಾಸ್ಕ್ ಮ್ಯಾನೇಜರಿನಲ್ಲಿ ದೊಡ್ಡ ಚಿಪ್ ಸೊನ್ನೆ ತೋರಿಸುತ್ತಿದ್ದರೆ ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಆ ಆಟಕ್ಕೆ ಹೈ ಪರ್ಫಾರ್ಮೆನ್ಸ್ ಆರಿಸಿ. ಮಕ್ಸ್ ಸ್ವಿಚ್ ಇರುವ ಮಾದರಿಯಲ್ಲಿ ಪರದೆಯನ್ನು ನೇರವಾಗಿ ದೊಡ್ಡ ಚಿಪ್ಪಿಗೆ ಜೋಡಿಸಿದರೆ ಇನ್ನಷ್ಟು ಲಾಭ. ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ.

ಮೆಮೊರಿ ಒಂದೇ ಕಡ್ಡಿಯಲ್ಲಿದೆಯೇ? ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ತುಂಬಿವೆ ಎಂದು ಬರೆದಿರುತ್ತದೆ. ಒಂದೇ ಕಡ್ಡಿಯಿದ್ದರೆ ದತ್ತಾಂಶದ ದಾರಿ ಅರ್ಧ. ಅಂಥದೇ ಇನ್ನೊಂದು ಹಾಕಿಸಿದರೆ ಕೆಲವು ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಈ ಇಡೀ ಪಟ್ಟಿಯಲ್ಲಿ ದುಡ್ಡು ಖರ್ಚು ಮಾಡಲು ಯೋಗ್ಯವಾದದ್ದು ಇದೊಂದೇ.

ಇಷ್ಟೆಲ್ಲ ಸರಿಯಿದ್ದೂ ಗೆಳೆಯನದೇ ವೇಗವಾಗಿದ್ದರೆ ದೋಷ ಇರಬೇಕೆಂದೇನಿಲ್ಲ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಕಟ್ಟಬಹುದು. ತೆಳ್ಳಗಿನ, ಚೆಂದದ ಮಾದರಿಗೆ ಕಡಿಮೆ ವ್ಯಾಟ್. ದಪ್ಪ, ಭಾರದ ಮಾದರಿಗೆ ಹೆಚ್ಚು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ ಸಿಸ್ಟಮ್ ಮಾಹಿತಿಯಲ್ಲಿ ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟಿದೆ ನೋಡಿ. ಅಂಗಡಿಯಲ್ಲಿ ಹೆಸರು ಮಾತ್ರ ಹೇಳಿ ಮಾರುತ್ತಾರೆ, ವ್ಯಾಟ್ ಹೇಳುವವರು ಕಡಿಮೆ.

ಚಾರ್ಜಿಗೆ ಹಾಕಿದರೂ ಬ್ಯಾಟರಿ ಏರುವುದಿಲ್ಲ

80ಕ್ಕೋ 60ಕ್ಕೋ ಬಂದು ನಿಂತರೆ ಅದು ಬ್ಯಾಟರಿಯ ಆಯುಷ್ಯ ಕಾಯಲು ಕಂಪನಿಯವರೇ ಇಟ್ಟ ಮಿತಿ. ಕಂಪನಿಯ ಆ್ಯಪ್‌ನಲ್ಲಿ ತೆಗೆಯಬಹುದು. ಸದಾ ಚಾರ್ಜಿಗೇ ಹಾಕಿ ಆಡುವವರು ತೆಗೆಯದಿರುವುದೇ ಲೇಸು.

ಆಡುವಾಗ ಬ್ಯಾಟರಿ ಇಳಿಯುತ್ತಿದ್ದರೆ ಟೈಪ್-ಸಿ ಚಾರ್ಜರ್ ಹಾಕಿದ್ದೀರಾ ನೋಡಿ. 65 ಅಥವಾ 100 ವ್ಯಾಟ್‌ನ ಟೈಪ್-ಸಿ ಓದು ಬರಹಕ್ಕೆ ಸಾಕು, ಆಟಕ್ಕೆ ಸಾಲದು. ಜೊತೆಗೆ ಬಂದ 230 ಅಥವಾ 280 ವ್ಯಾಟ್‌ನ ಇಟ್ಟಿಗೆ ಗಾತ್ರದ ಅಡಾಪ್ಟರನ್ನೇ ಬಳಸಿ. ಪೂರ್ಣ ಹೊರೆಯಲ್ಲಿ ಅದರೊಂದಿಗೂ ಒಂದೆರಡು ಶೇಕಡಾ ಇಳಿಯುವ ಮಾದರಿಗಳಿವೆ, ಅದಕ್ಕೆ ಚಿಂತೆ ಬೇಡ. ಕೆಲವು ಅಡಾಪ್ಟರುಗಳಿಗೆ 16 ಆಂಪಿಯರಿನ ದಪ್ಪ ಪಿನ್ನಿನ ಪ್ಲಗ್ ಇರುತ್ತದೆ; ಅದು ಗೀಸರಿನ ದೊಡ್ಡ ಸಾಕೆಟ್ಟಿಗೆ ಮಾತ್ರ ಹೋಗುತ್ತದೆ. ಸಣ್ಣ ಸಾಕೆಟ್ಟಿಗೆ ತುರುಕಬೇಡಿ, ಗುಣಮಟ್ಟದ ಬೇರೆ ಪವರ್ ಕಾರ್ಡ್ ತನ್ನಿ.

ಅಡಾಪ್ಟರ್ ಮುಟ್ಟಲು ಬಿಸಿಯಿರುವುದು ಸಹಜ. ಅದನ್ನು ನೆಲದ ಮೇಲೋ ಟೇಬಲ್ಲಿನ ಮೇಲೋ ಗಾಳಿಯಾಡುವಂತೆ ಇಡಿ, ದಿಂಬಿನ ಅಡಿಯಲ್ಲಿ ಬೇಡ. ಪ್ಲಾಸ್ಟಿಕ್ ಸುಟ್ಟ ವಾಸನೆ, ಸಾಕೆಟ್ಟಿನಲ್ಲಿ ಚಟಪಟ ಸದ್ದು, ಪಿನ್ನಿನ ಸುತ್ತ ಕಂದು ಕಲೆ ಕಂಡರೆ ಗೋಡೆಯ ಸ್ವಿಚ್ ಆರಿಸಿದ ಮೇಲೆಯೇ ಪಿನ್ ಕೀಳಿ, ಮತ್ತೆ ಹಾಕಬೇಡಿ.

ವೋಲ್ಟೇಜ್ ಕಡಿಮೆ ಎಂದು ಸ್ಟೆಬಿಲೈಸರ್ ಕೊಳ್ಳುವವರಿದ್ದಾರೆ. ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಾನೇ ಸಂಭಾಳಿಸುತ್ತದೆ, ಅದರ ಮೇಲೆಯೇ ಅಚ್ಚಾಗಿರುತ್ತದೆ. ಅಪಾಯ ಇರುವುದು ಕರೆಂಟ್ ಹೋಗಿ ಬರುವಾಗಿನ ದಿಢೀರ್ ಏರಿಕೆಯಲ್ಲಿ ಮತ್ತು ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ. ಅದಕ್ಕೆ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿ. ಸಿಡಿಲಿನ ಹೊತ್ತಿನಲ್ಲಿ ಅದನ್ನೂ ನಂಬದೆ ಪಿನ್ ಕಿತ್ತಿಡಿ. ಮನೆಯ ಇನ್ವರ್ಟರ್ ಹಳೆಯ ಸ್ಕ್ವೇರ್ ವೇವ್ ಮಾದರಿಯದಾಗಿದ್ದರೆ ಅಡಾಪ್ಟರ್ ಗುಂಯ್‌ಗುಡುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಆಗ ಆಟ ನಿಲ್ಲಿಸಿ ಬ್ಯಾಟರಿಯಲ್ಲೇ ಸಣ್ಣ ಕೆಲಸ ಮಾಡಿಕೊಳ್ಳಿ.

ಇದ್ದಕ್ಕಿದ್ದಂತೆ ಆರಿಹೋಗುತ್ತದೆ, ಇಲ್ಲವೇ ದೋಷದ ಪರದೆ ಬರುತ್ತದೆ

ಆಟದಲ್ಲಿ ಮಾತ್ರವೇ, ಸುಮ್ಮನಿದ್ದಾಗಲೂ ಆಗುತ್ತದೆಯೇ? ಬೇರೆ ಮನೆಯ ಸಾಕೆಟ್ಟಿನಲ್ಲಿಯೂ ಆಗುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ತಂದವರ ಕೆಲಸ ನಮ್ಮ ಟೇಬಲ್ಲಿನಲ್ಲಿ ಬೇಗ ಮುಗಿಯುತ್ತದೆ. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ತೆರೆದರೆ ಯಾವ ದಿನ, ಯಾವ ತಂತ್ರಾಂಶ ಬಿದ್ದಿತು ಎಂಬುದು ದಿನಾಂಕವಾರು ಕಾಣುತ್ತದೆ. ಈವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಎಂದು ಕಂಡವರು ಅದನ್ನೇ ಕಾಯಿಲೆಯ ಹೆಸರೆಂದು ತಿಳಿಯುತ್ತಾರೆ. ಅದರ ಅರ್ಥ "ಸರಿಯಾಗಿ ಮುಚ್ಚದೆ ಆರಿತು" ಎಂಬುದಷ್ಟೇ, ಕಾರಣ ಅದರಲ್ಲಿಲ್ಲ.

ಕ್ರಮ ಹೀಗಿರಲಿ: ಗ್ರಾಫಿಕ್ಸ್ ಡ್ರೈವರನ್ನು ಕಂಪನಿಯ ಜಾಲತಾಣದಿಂದ ತಂದು ಹಳೆಯದನ್ನು ಅಳಿಸಿ ಹೊಸದನ್ನು ಹಾಕಿ. ನಂತರ ವಿಂಡೋಸ್ ಮೆಮೊರಿ ಡಯಾಗ್ನಸ್ಟಿಕ್ ಓಡಿಸಿ. ಅದರಲ್ಲಿ ಒಂದೇ ಒಂದು ದೋಷ ಕಂಡರೂ ಮೆಮೊರಿ ಕಡ್ಡಿ ಬದಲಾಗಬೇಕು, ಮರುಮಾತಿಲ್ಲ. ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಮೇಲೆ. ಬಯೋಸ್ ಬರೆಯುವಾಗ ಕರೆಂಟ್ ಹೋದರೂ ಕೈಬಿಡದಂತೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಇರಲಿ, ಗುಡುಗು ಮಳೆಯ ಸಂಜೆ ಅದಕ್ಕೆ ಕೈಹಾಕಬೇಡಿ. ಮತ್ತು ಮೊದಲೇ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಎಷ್ಟೋ ಸಲ ನಿಮಗೆ ಗೊತ್ತಿಲ್ಲದೆಯೇ ಬೀಗ ಹಾಕಿಕೊಂಡಿರುತ್ತದೆ. ಬಯೋಸ್ ಬದಲಾದ ಮೇಲೆ 48 ಅಂಕಿಗಳ ಕೀ ಕೇಳಬಹುದು. ಅದು ಮೊದಲ ದಿನ ನೀವು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಯನ್ನು ಅಂಗಡಿಯ ಹುಡುಗ ತನ್ನ ಇಮೇಲಿನಲ್ಲಿ ತೆರೆದುಕೊಟ್ಟಿದ್ದರೆ ಇಂದೇ ಬದಲಿಸಿಕೊಳ್ಳಿ.

ಪರದೆ ಕಪ್ಪು

ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಒಳಗೆ ಜೀವವಿದೆ, ಪರದೆಯ ಕಡೆ ಮಾತ್ರ ತೊಂದರೆ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಇಂಗ್ಲಿಷಿನ ಬಿ ಅಕ್ಷರ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ. ಆಗದಿದ್ದರೆ ಎಚ್‌ಡಿಎಂಐ ಕೇಬಲ್ಲಿನಿಂದ ಮನೆಯ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಬಂದರೆ ಲ್ಯಾಪ್‌ಟಾಪಿನ ಪರದೆ ಅಥವಾ ಅದರ ಕೇಬಲ್ ಕಡೆ ಬೆರಳು ತೋರಿಸಬಹುದು. ದೀಪವೂ ಹೊತ್ತದಿದ್ದರೆ ಚಾರ್ಜರ್ ತೆಗೆದು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ.

ಹೊಸ ಡಿಡಿಆರ್5 ಮೆಮೊರಿ ಹಾಕಿಸಿದ ಕೂಡಲೇ ಕಪ್ಪು ಪರದೆ ಬಂದರೆ ಮುಟ್ಟದೆ ಕಾಯಿರಿ. ಮೊದಲ ಸಲ ಮೆಮೊರಿಯೊಂದಿಗೆ ಹೊಂದಿಕೊಳ್ಳಲು ಅದಕ್ಕೆ ಕೆಲವು ನಿಮಿಷ ಬೇಕಾಗಬಹುದು. ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ ಶುರು.

ಪರದೆಯ ಚುಕ್ಕೆ, ಅಂಚಿನ ಬೆಳಕು

ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಪೂರ್ತಿ ಪರದೆಗೆ ತುಂಬಿಸಿ ರಾತ್ರಿ ದೀಪ ಆರಿಸಿ ನೋಡಿ. ತಲೆ ಆಚೀಚೆ ಸರಿಸಿದಾಗ ಬದಲಾಗುವ ಮೂಲೆಯ ಹೊಳಪು ಐಪಿಎಸ್ ಎಂಬ ಬಗೆಯ ಪರದೆಯ ಗುಣ. ಎಲ್ಲಿಂದ ನೋಡಿದರೂ ಅಲ್ಲೇ ಇರುವ ಬೆಳಕಿನ ಕಲೆ ಬೇರೆ ಸಂಗತಿ. ಒಂದೆರಡು ಸತ್ತ ಚುಕ್ಕೆಗಳನ್ನು ವಾರಂಟಿಯಲ್ಲಿ ದೋಷವೆಂದು ಒಪ್ಪದ ಕಂಪನಿಗಳು ಹಲವು. ಆದ್ದರಿಂದ ಈ ಪರೀಕ್ಷೆ ಮೊದಲ ರಾತ್ರಿಯೇ ಆಗಲಿ.

ವಿಚಿತ್ರ ಸದ್ದು

ಫ್ರೇಮ್ ಏರಿದಾಗ ಏರಿ, ಮಿತಿ ಕಟ್ಟಿದಾಗ ಇಳಿಯುವ ಕೀರಲು ದನಿ ಬೋರ್ಡಿನ ಮೇಲಿನ ತಂತಿಸುರುಳಿಗಳದ್ದು, ಅಂದರೆ ಕಾಯಿಲ್‌ಗಳದ್ದು. ಕಿರಿಕಿರಿ ಹೌದು, ಅಪಾಯವಿಲ್ಲ. ಫ್ಯಾನಿನ ವೇಗದೊಂದಿಗೆ ಬದಲಾಗುವ ಟಕಟಕ ಅಥವಾ ಉಜ್ಜುವ ಸದ್ದು ಫ್ಯಾನಿನದ್ದು. ಅದು ತಾನಾಗಿ ಹೋಗುವುದಿಲ್ಲ. ವಿಡಿಯೊದಲ್ಲಿ ಸದ್ದು ಹಿಡಿದುಕೊಂಡು ಸರ್ವಿಸಿಗೆ ಹೋಗಿ, ಅಲ್ಲಿ ಹೋದಾಗ ಅದು ಸುಮ್ಮನಿರುವ ಸಂಭವವೇ ಹೆಚ್ಚು.

ಕೈ ಮುಗಿದು ಹಿಂದೆ ಸರಿಯಬೇಕಾದ ಜಾಗಗಳು

ಟಚ್‌ಪ್ಯಾಡ್ ಮೇಲೆದ್ದಿದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ, ತಳ ಉಬ್ಬಿ ಟೇಬಲ್ಲಿನ ಮೇಲೆ ಅಲುಗಾಡುತ್ತದೆ ಎಂದರೆ ಬ್ಯಾಟರಿ ಊದಿಕೊಂಡಿದೆ. ಆರಿಸಿ, ಚಾರ್ಜರ್ ಕೀಳಿ, ಒತ್ತಬೇಡಿ, ಚುಚ್ಚಬೇಡಿ, ಬಿಸಿಲಿನಲ್ಲಿಡಬೇಡಿ. ಹಾಸಿಗೆ, ಬಟ್ಟೆಗಳಿಂದ ದೂರ, ಕಲ್ಲಿನ ನೆಲದ ಮೇಲಿಟ್ಟು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಹೊಗೆ ಅಥವಾ ಸೀ ಎನ್ನುವ ಸದ್ದು ಬಂದರೆ ಮನೆಯವರನ್ನು ಕರೆದುಕೊಂಡು ಹೊರಗೆ ಬಂದು ಅಗ್ನಿಶಾಮಕದವರಿಗೆ ತಿಳಿಸಿ. ಚಹಾ ಚೆಲ್ಲಿದರೆ ತಕ್ಷಣ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮಗುಚಿಡಿ. ಅಕ್ಕಿಯ ಡಬ್ಬದಲ್ಲಿ ಹೂಳುವುದರಿಂದ ಒಳಗಿನ ಸಕ್ಕರೆ ಹೊರಗೆ ಬರುವುದಿಲ್ಲ, ಕಿಂಡಿಗಳಿಗೆ ಅಕ್ಕಿಯ ಪುಡಿ ಸೇರುತ್ತದೆ ಅಷ್ಟೇ.

ಸರ್ವಿಸಿಗೆ ಕೊಡುವ ಮುನ್ನ ಫೈಲುಗಳ ಪ್ರತಿ ಬೇರೆಡೆ ಇಟ್ಟುಕೊಳ್ಳಿ. ಜಾಬ್ ಶೀಟಿನಲ್ಲಿ ಸೀರಿಯಲ್ ನಂಬರ್, ಜೊತೆಗೆ ಕೊಟ್ಟ ಅಡಾಪ್ಟರ್, ಮೈಮೇಲಿನ ಗೀರುಗಳು ಎಲ್ಲವೂ ದಾಖಲಾಗಲಿ. ದೂರನ್ನು "ಕೆಲಸ ಮಾಡುತ್ತಿಲ್ಲ" ಎಂದು ಬರೆಸದೆ, "ಚಾರ್ಜರ್ ಹಾಕಿ ಅರ್ಧ ಗಂಟೆ ಆಡಿದರೆ ಆರುತ್ತದೆ, ಬ್ಯಾಟರಿಯಲ್ಲಿ ಆರುವುದಿಲ್ಲ" ಎಂಬಂತೆ ಬರೆಸಿ. ವಾರಂಟಿಯೊಳಗಿನ ದೋಷಕ್ಕೂ ಸುತ್ತಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ಲ್ಯಾಪ್‌ಟಾಪನ್ನು ಬೆಂಗಳೂರಿನಿಂದ ತರಿಸಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮತ್ತು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.